ಸುಂದರಿಯ ಬಾಯಿಗೆ ನೀರು

ತಾಯಿ ಸುಂದರಿಯ ಶವದ ಬಾಯಿಗೆ ಎರಡು ಹನಿ ತುಳಸಿನೀರು ಬಿಟ್ಟು, ಅಪೇಕ್ಷಾ ತಂಬಿಗೆಯನ್ನು ಝುಲೈಖಾಳತ್ತ ಚಾಚಿದಳು. ಬಹರೈನಿನ ಹಿಂದೂ ಸ್ಮಶಾನದಲ್ಲಿ ನೆರೆದಿದ್ದವರೆಲ್ಲ ತಿರುಗಿ ನೋಡಿದರು.

ಈ ಕತೆ ಹೇಳುವಷ್ಟು ಯೋಗ್ಯತೆ ನನಗಿಲ್ಲ. ಸುಂದರಿಯನ್ನು ನನಗಿಂತ ಹತ್ತಿರದಿಂದ ಬಲ್ಲವರು ಬಹರೈನಿನಲ್ಲಿದ್ದಾರೆ, ತಪ್ಪಿದ್ದರೆ ಕ್ಷಮಿಸಬೇಕು.

“ಝುಲೈಖಾ ಅವರಿಗೆ ಯಾಕೆ ತೊಂದರೆ ಕೊಡುದು? ನಾವು ಇಷ್ಟು ಜನ ಇದ್ದೇವಲ್ಲ,” ಎಂದರು ಊರವರ ಸಂಘದ ಅಧ್ಯಕ್ಷ ಸರ್ವೋತ್ತಮ. ಶವಕ್ಕೆ ಹೊದಿಸಲು ಸಂಘದಲ್ಲಿನ ತಮ್ಮ ಬಣದ ಶಾಲು ತಂದಿದ್ದರು.

“ಇದು ಅವಳ ಮೂರನೇ ಪಾರ್ಟಿಯ ಶಾಲು ಮಾರಾಯ,” ಸುಂದರಿಯ ಜೊತೆ ಕೆಲಸ ಮಾಡುತ್ತಿದ್ದ ಸುಧೀರ್ ಪಕ್ಕದವನ ಕಿವಿಯಲ್ಲಿ ಹೇಳಿದ. “ಉಳಿದೆರಡು ಪಾರ್ಟಿಯದ್ದು ಅವಳ ಮನೆಯ ಕಪಾಟಿನಲ್ಲುಂಟು.”

*

ಗುದೈಬಿಯಾ ಬಡಾವಣೆಯ ಒಂದೇ ಫ್ಲ್ಯಾಟಿನಲ್ಲಿ ಸುಂದರಿ, ಝುಲೈಖಾ ಹನ್ನೊಂದು ವರ್ಷ ಒಟ್ಟಿಗೆ ಇದ್ದರು. ಸುಂದರಿ ಮೀನಾ ಸಲ್ಮಾನ್ ಬಂದರಿನ ಗೋದಾಮಿನಿಂದ ಕೆಲಸ ಮುಗಿಸಿ ಬರುವವರೆಗೆ ಪುಟ್ಟ ಅಪೇಕ್ಷಾಳಿಗೆ ಗಂಜಿ ಉಣಿಸುತ್ತಿದ್ದವಳು ಝುಲೈಖಾ. ಊರಿನವರೆಲ್ಲರಿಗೂ ಒಂದೇ ಸಂಘ ಎಂದು ಮನೆಮನೆ ಸುತ್ತಿ ಸದಸ್ಯರನ್ನು ಸೇರಿಸಿದವರೂ ಇವರಿಬ್ಬರೇ.

ಆಮೇಲೆ ಸುಂದರಿ ಸಂಘದೊಳಗೆ ಬಣ ಬದಲಿಸಿದಳು. ಮತ್ತೊಮ್ಮೆ ಬದಲಿಸಿದಳು. ಕೊನೆಗೆ ಸರ್ವೋತ್ತಮರ ಬಣದ ಮಹಿಳಾ ಕಾರ್ಯದರ್ಶಿಯಾಗಿ ವೇದಿಕೆಯಲ್ಲಿ ಕುಳಿತಳು. ಇನ್ನು ಹಿಂದೂಗಳಷ್ಟೇ ಸದಸ್ಯರು ಎಂಬ ನಿರ್ಣಯಕ್ಕೆ ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ಅವಳ ಕೈ. ಝುಲೈಖಾ ಎದುರಿಗೆ ಮೂರನೆಯ ಸಾಲಿನಲ್ಲಿದ್ದಳು. ಅಂದಿನ ಮೇಲೆ ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ.

*

“ಆಂಟಿ, ಆಸ್ಪತ್ರೆಯಲ್ಲಿ ಅಮ್ಮ ನಿಮ್ಮ ಹೆಸರೇ ಹೇಳ್ತಿದ್ದರು,” ಎಂದಳು ಅಪೇಕ್ಷಾ. ತಂಬಿಗೆ ಇನ್ನೂ ಚಾಚಿಯೇ ಇತ್ತು.

“ಸುಳ್ಳು ಹೇಳ್ಬೇಡ ಮಗಳೇ. ಸಣ್ಣಂದಿನಿಂದಲೂ ನಿನಗೆ ಅದು ಬರುದಿಲ್ಲ.”

ಅಪೇಕ್ಷಾ ತಲೆ ತಗ್ಗಿಸಿದಳು. “ಇದೊಂದು ಸಲ ಅಮ್ಮನನ್ನು ಕ್ಷಮಿಸಿ ಆಂಟಿ. ಇನ್ನು ಕೇಳ್ಲಿಕ್ಕೆ ಅವರಿಲ್ಲ.”

“ನಾನು ನೋಡ್ಲಿಕ್ಕೆ ಬಂದದ್ದು. ಅದಕ್ಕೆ ಬಂದದ್ದಲ್ಲ.”

ಝುಲೈಖಾ ತಂಬಿಗೆ ಮುಟ್ಟಲಿಲ್ಲ.

ಸರ್ವೋತ್ತಮರು ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ನೆರಳಿಗೆ ಹೋದರು. ಉಳಿದವರೂ ಹಿಂದೆ ಹೋದರು. ಚಿತೆಗೆ ಕಟ್ಟಿಗೆ ಒಟ್ಟುವವರು ಇನ್ನೂ ಮುಗಿಸಿರಲಿಲ್ಲ. ಬಿಸಿಲೇರಿದಂತೆ ನೊಣಗಳು ಬಂದವು. ಝುಲೈಖಾ ಶವದ ತಲೆಯ ಬಳಿ ಮಣ್ಣಿನ ಮೇಲೆಯೇ ಕುಳಿತು, ದುಪಟ್ಟಾದ ತುದಿಯಿಂದ ಸುಂದರಿಯ ಮುಖದ ಮೇಲಿನ ನೊಣ ಓಡಿಸತೊಡಗಿದಳು. ಹೆಣ ಎತ್ತಲು ನಾಲ್ವರು ಬರುವವರೆಗೂ ಓಡಿಸುತ್ತಲೇ ಇದ್ದಳು.

ಸುಂದರಿ ಅಂದು ಆ ನಿರ್ಣಯಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಯಾಕೆಂದು ಹಲವರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ.