ಬಲಗೈಯ ಬಳೆ

ಸೋಪಿನ ನೊರೆ ತಣ್ಣಗಿದೆ, ಬೆರಳ ಸಂದಿಗೆಲ್ಲ ಇಳಿಯುತ್ತಿದೆ, ಎಡಗೈ ಆಯಿತು, ಹಸಿರು ಗಾಜಿನ ಬಳೆ ತುಂಬಿ ಕೂತಿವೆ, ಇನ್ನು ಬಲಗೈ, ಚೂಡಿದಾರದ ತೋಳು ಮಣಿಕಟ್ಟು ದಾಟಿ ಬಂದಿದೆ, ಇದನ್ನು ಮೇಲೆತ್ತಿದರೆ ಮುಗೀತು ಕಥೆ ಅಂತ ಯಮುನಾ ಅಂದುಕೊಂಡಳು, ಅಂದುಕೊಂಡಳಷ್ಟೆ, ಎದೆ ಡವಡವ ಅನ್ನಬೇಕಿತ್ತು, ಅನ್ನಲಿಲ್ಲ, ಈಚೆಗೆ ಅದು ಯಾವುದಕ್ಕೂ ಅನ್ನುವುದಿಲ್ಲ — ಗೌರಿ ಹಬ್ಬ ಬಂತೆಂದರೆ ಹೂಡಿ ಊರಿನ ಈ ಮನೆಗೆ ಬಳೆಗಾರ್ತಿ ಚನ್ನಕ್ಕ ಬರಲೇಬೇಕು, ಹೊಲ ಹೋಗಿ ಪೀಜಿ ಕಟ್ಟಡ ಎದ್ದರೂ ಅದೊಂದು ತಪ್ಪಿಲ್ಲ, ಅಮ್ಮ ವಸಂತಮ್ಮ ಆಗಲೇ ತೊಟ್ಟು ಎದ್ದಾಯಿತು, ಸೋಫಾದ ಮೇಲೆ ಮಾರಕ್ಕತ್ತೆ, ಅಪ್ಪನ ಅಕ್ಕ, ಯಮುನಾಗೆ ಗೊತ್ತುಮಾಡಿದ ಹುಡುಗ ಅಂಜನ್‌ನ ತಾಯಿ, ಒಂದಳತೆ ಚಿಕ್ಕದೇ ಹಾಕು ಚನ್ನಕ್ಕ, ಬಿಗಿಯಾಗಿದ್ರೇನೇ ಲಕ್ಷಣ, ನಾಳೆ ನಮ್ಮನೆ ತುಂಬೋಳು ಅನ್ನುತ್ತಾಳೆ, ಅಮ್ಮ ನಗುತ್ತಾಳೆ, ನೋಡು ನಾಚ್ಕೆ ಎಷ್ಟು, ತುಟಿ ಬಿಚ್ಚಲ್ಲ ನನ್ ಮಗಳು, ಹೌದು, ಈ ಮನೆಯಲ್ಲಿ ಹುಡುಗಿ ಸುಮ್ಮನಾದರೆ ನಾಚಿಕೆ, ಅನ್ನ ಬಿಟ್ಟರೂ ನಾಚಿಕೆ.

ಪಿಯುಸಿಗೆ ಸೇರಿದಾಗ, ಕಾಲ ಕೆಟ್ಟಿದೆ, ಬಸ್ಸು ಬೇಡ, ಅಂಜನ್ ಬೈಕಲ್ಲಿ ಬಿಡ್ತಾನೆ, ಅವನಿದ್ರೆ ನಂಗೆ ನೆಮ್ಮದಿ ಅಂದವಳು ಅಮ್ಮನೇ, ಬೇಲಿಯನ್ನು ನಂಬಿ ಹೊಲ ಬಿಟ್ಟ ಹಾಗೆ, ಆದರೆ ಸುಳ್ಳು ಯಾಕೆ, ಅವಳಿಗೂ ಇಷ್ಟವಿತ್ತು, ಬೆಳಗಿನ ಗಾಳಿ, ಅವನ ಜಾಕೆಟ್ಟು, ಫೋನಿನ ಪಾಸ್‌ವರ್ಡ್ ಕೇಳಿದಾಗ ಪ್ರೀತಿ ಅಂದುಕೊಂಡಳು, ಗೆಳತಿ ದಿವ್ಯಾ ಜೊತೆ ಮಾತು ಬಿಡು ಅಂದಾಗಲೂ, ಬಿಟ್ಟಳು, ಮೊದಲ ಏಟು ಟೆಕ್ ಪಾರ್ಕ್ ಹಿಂದಿನ ಖಾಲಿ ಸೈಟಿನಲ್ಲಿ, ಹೊಡೆದವನೇ ಅತ್ತ, ಪ್ರೀತಿ ಜಾಸ್ತಿ ಆಗಿ ಹಂಗೆ ಮಾಡ್ಬಿಟ್ಟೆ ಕಣೆ, ಪಾನಿಪುರಿ ಕೊಡಿಸಿದ, ತಿಂದಳು, ಖಾರ ಗೊತ್ತಾಯಿತು, ಬೇರೇನೂ ಗೊತ್ತಾಗಲಿಲ್ಲ, ಮೊನ್ನೆ ಕ್ಲಾಸಿನ ಲೋಕೇಶ್ ಏನೋ ಕೇಳಿದ, ಉತ್ತರ ಹೇಳಿದಳು, ಅಷ್ಟಕ್ಕೇ ಅಂಜನ್ ಮಣಿಕಟ್ಟು ಹಿಡಿದು ತಿರುಚಿದ, ಬಚ್ಚಲಲ್ಲಿ ನೋಡಿಕೊಂಡರೆ ನಾಲ್ಕು ಬೆರಳು, ನೀಲಿ, ಯಾರದೋ ಕೈ ಇದು ಅನ್ನಿಸಿತು, ನೀರು ಹುಯ್ದುಕೊಂಡು ಕಾಲೇಜಿಗೆ ಹೊರಟಳು, ಅವನದೇ ಬೈಕಿನಲ್ಲಿ.

ಚನ್ನಕ್ಕ ಒತ್ತುತ್ತಿದ್ದಾಳೆ, ಗೆಣ್ಣು ಮಡಿಸಿ, ಕೈ ಹಗುರ ಬಿಡು ಮಗ, ಬಿಟ್ಟಿದ್ದಾಳೆ, ಎಂದೋ ಬಿಟ್ಟಿದ್ದಾಳೆ, ಬಳೆ ತೋಳಿನ ಬಟ್ಟೆಗೆ ಸಿಕ್ಕಿ ಪಟ್ಟನೆ ಒಡೆಯುತ್ತದೆ, ಹಬ್ಬದ ಹೊತ್ತಲ್ಲಿ ಒಡೀತಲ್ಲಪ್ಪ ಅನ್ನುತ್ತ ಅಮ್ಮ ಓಡಿಬಂದು ತೋಳು ಮೇಲೆಳೆದಳು, ನಾಲ್ಕು ಬೆರಳು ಬೆಳಕಿಗೆ ಬಂದವು, ಇದೇನೇ ಚನ್ನಕ್ಕ, ಹಿಂಗಾ ಹಿಸುಕೋದು ಮಗು ಕೈನ, ಚನ್ನಕ್ಕನ ಮುಖ ಇಷ್ಟೇ ಇಷ್ಟಾಯಿತು, ತಪ್ಪಾಯ್ತು ಕಣವ್ವ, ಇಂಗಾಯ್ತದೆ ಅಂತ ಗೊತ್ತಾಗ್ನಿಲ್ಲ, ಮುಂದಿನ್ ವರ್ಷ ಬೇರೆಯವರಿಗೆ ಹೇಳು ವಸಂತ ಅಂತ ಅತ್ತೆ, ಚನ್ನಕ್ಕ ಬಳೆಗಳ ಮಲ್ಲಾರ ಕಟ್ಟತೊಡಗಿದಳು, ಸುಮ್ಮನಿದ್ದುಬಿಟ್ಟರಾಯಿತು, ಚನ್ನಕ್ಕ ಹೋಗುತ್ತಾಳೆ, ಗಾಯಕ್ಕೊಂದು ಹೆಸರು ಸಿಕ್ಕುತ್ತದೆ, ನಾಳೆ ಬೆಳಿಗ್ಗೆ ಅಂಜನ್ ಬರುತ್ತಾನೆ, ಎಷ್ಟು ಸಲೀಸು — ಆದರೆ ಬಾಯಿ, ಅವಳದೇ ಬಾಯಿ, ಅವಳನ್ನು ಕೇಳದೆಯೇ ಅಂದುಬಿಟ್ಟಿತು.

"ಚನ್ನಕ್ಕ ಅಲ್ಲಮ್ಮ."

ಮತ್ಯಾರು, ಅಮ್ಮನ ದನಿ, ಎಲ್ಲೋ ಬಾಗಿಲಿಗೆ ಸಿಕ್ಸ್ಕೊಂಡಿರ್ತಾಳೆ ಬಿಡು, ಅತ್ತೆಯ ದನಿ, ಹೆಸರು ನಾಲಗೆಯ ಮೇಲೆ ಕೂತಿದೆ, ಇಳಿಯುವುದಿಲ್ಲ, ಅಮ್ಮ ಕೈ ಹಿಡಿದುಕೊಂಡಳು, ತನ್ನ ಬೆರಳನ್ನು ಒಂದೊಂದಾಗಿ ಆ ಗುರುತಿನ ಮೇಲಿಟ್ಟಳು, ತೋರುಬೆರಳು, ನಡುಬೆರಳು, ಇಟ್ಟವಳು ಎತ್ತುತ್ತಿಲ್ಲ, ಅತ್ತೆಯ ಕಡೆ, ಅಂಜನ್ ತಾಯಿಯ ಕಡೆ, ನೋಡುತ್ತಿದ್ದಾಳೆ, ಅಮ್ಮನ ಬೆರಳು ಬಿಸಿಯಾಗಿವೆ, ಅದು ಗೊತ್ತಾಗುತ್ತಿದೆ, ಆ ಗುರುತಿಗೆ ಅಮ್ಮನ ಬೆರಳು ಸಾಲುತ್ತಿಲ್ಲ, ಇದು ಇನ್ನೂ ದೊಡ್ಡ ಕೈಯದು, ಅದೂ ಗೊತ್ತಾಗುತ್ತಿದೆ, ನಾಲ್ಕು ಬೆರಳು, ಬೆರಳಿನ ಎರಡೂ ಪಕ್ಕ ಉಳಿದ ನೀಲಿ, ತುದಿಯಾಚೆ ಉಳಿದ ನೀಲಿ, ನಾಲ್ಕು ಬೆರಳು, ಉಳಿದ ನೀಲಿ.