ನೀಲಗಂಗಮ್ಮನ ಸರದಿ

“ಇದರಷ್ಟೇ ಉದ್ದದ ಗೆರೆ ಈ ಮೂರರಲ್ಲಿ ಯಾವ್ದು?” ಜಯಶೀಲಾ ಒಂದು ಗೆರೆ ಎಳೆದ ರಟ್ಟನ್ನೂ ಮೂರು ಗೆರೆ ಎಳೆದ ಇನ್ನೊಂದನ್ನೂ ಎತ್ತಿ ಹಿಡಿದಳು.

ಜಯನಗರದ ಹೊಸ ಬಡಾವಣೆಯ ಆ ಮನೆಯಲ್ಲಿ ಇನ್ನೂ ಗಾರೆಯ ವಾಸನೆ ಆರಿರಲಿಲ್ಲ. ಅಕ್ಕಪಕ್ಕದ ಕಮಲಾದೇವಿ, ನಾರಾಯಣಮ್ಮ ಒಬ್ಬರಾದ ಮೇಲೊಬ್ಬರು “ಮಧ್ಯದ್ದು” ಎಂದರು. ಕೊನೆಯಲ್ಲಿ ಕೂತಿದ್ದ ತಾಯಿ ನೀಲಗಂಗಮ್ಮನಿಗೆ ಮೊದಲನೆಯದೇ ಸರಿ ಎಂದು ಎದ್ದು ಕಾಣುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು.

“ಮಧ್ಯದ್ದೇ,” ಎಂದಳು.

ಹೆಂಗಸರಿಬ್ಬರೂ ಕಿಸಕ್ಕನೆ ನಕ್ಕರು. ತಪ್ಪು ಹೇಳುವಂತೆ ಅವರಿಗೆ ಕಲಿಸಿಕೊಟ್ಟವಳು ಜಯಶೀಲಾಳೇ. ಬಿ.ಎ. ಮನಶ್ಶಾಸ್ತ್ರದ ಪ್ರಯೋಗ ಅದು. ಉಳಿದವರೆಲ್ಲ ಒಂದೇ ಮಾತು ಆಡಿದಾಗ ಒಬ್ಬರು ತಮ್ಮ ಕಣ್ಣನ್ನು ಎಷ್ಟು ನಂಬುತ್ತಾರೆಂದು ನೋಡುವುದು.

“ಅಮ್ಮಾ, ನಿಂಗೆ ಸರಿಯಾಗೇ ಕಾಣ್ತಿತ್ತು ತಾನೆ?”

“ಕಾಣ್ತಿತ್ತು ಕಣೆ. ದೊಡ್ಡೋರು ಇಬ್ರೂ ಹೇಳಿದ್ಮೇಲೆ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಅನ್ನಕ್ಕಾಗತ್ತಾ?”

“ಪೊರೆ ಬಂದಿರೋದು ನಿಮ್ಮತ್ತೆಗೆ, ನಂಗಲ್ಲ!” ಎಂದರು ನಾರಾಯಣಮ್ಮ. ಮತ್ತೆ ನಗು.

ಅವರು ಹೋದ ಮೇಲೆ ಜಯಶೀಲಾ ನಗಲಿಲ್ಲ. “ಭಾನುವಾರ ತುಮಕೂರಿಂದ ದೊಡ್ಡಪ್ಪ ಬರ್ತಾರೆ. ಕಾಲೇಜು ಬಿಡ್ಸಿ, ಹೆಂಡ್ತಿ ಸತ್ತಿರೋ ಆ ದಾವಣಗೆರೆಯೋರಿಗೆ ನನ್ನ ಕೊಡೋ ಮಾತು ತೆಗೀತಾರೆ. ಆಗ್ಲೂ ಹೀಗೇ ಮಾಡ್ತೀಯಾ?”

“ಬೇಡ ಅಂತೀನಿ.”

“ಒಬ್ರು ಅಂದ್ರೆ ಸಾಕಮ್ಮ. ಅಪ್ಪಂಗೂ ಧೈರ್ಯ ಬರತ್ತೆ.”

ಭಾನುವಾರ ಭಾವ ರೇವಣಸಿದ್ದಪ್ಪ ಕುರ್ಚಿಯಲ್ಲಿ ಕೂತು ವರನ ಮಿಲ್ಲು, ಮನೆತನ ಎಲ್ಲ ಹೇಳಿ ಮುಗಿಸಿದರು. “ಏನಮ್ಮಾ?” ಎಂದು ಮೊದಲು ತಮ್ಮ ತಾಯಿಯನ್ನು ಕೇಳಿದರು.

“ಆಗ್ಲಪ್ಪ,” ಎಂದರು ಅತ್ತೆ.

“ಅಣ್ಣ ಹೇಳಿದ ಹಾಗೆ,” ಎಂದ ಗಂಡ ಕರಿಬಸವಯ್ಯ ಹೆಂಡತಿಯ ಕಡೆ ಒಮ್ಮೆ ನೋಡಿದರು. ಆ ನೋಟ ಏನನ್ನೋ ಕಾಯುತ್ತಿತ್ತು.

“ನೀನೇನಂತೀಯಮ್ಮ, ನೀಲಾ?” ಎಂದರು ಭಾವ.

‘ಬೇಡ’ ಎನ್ನುವುದು ಭಾವನವರೆದುರು ತೀರ ಒರಟಾದೀತು ಅನ್ನಿಸಿತು ನೀಲಗಂಗಮ್ಮನಿಗೆ. ‘ಊಹೂಂ’ ಎಂದರೂ ಅದೇ ಅರ್ಥವಲ್ಲವೇ? ಬಾಯಿ ತೆರೆದಳು. ಗಂಟಲು ಆರಿತ್ತು, ಮೊದಲಕ್ಷರ ಬರಿಯ ಉಸಿರಾಗಿ ಹೋಗಿ, ಉಳಿದದ್ದಷ್ಟೇ ಹೊರಗೆ ಕೇಳಿಸಿತು.

“ಹೂಂ ಅಂದ್ಲಲ್ಲ, ಮುಗೀತು! ಜಯಾ, ಸಕ್ಕರೆ ತಗೊಂಡ್ಬಾರಮ್ಮ.”

ಅಲ್ಲ, ನಾನಂದದ್ದು ಅದಲ್ಲ ಎಂದು ಮನಸ್ಸಿನಲ್ಲೇ ಕೂಗಿಕೊಂಡಳು. ಅಷ್ಟರಲ್ಲಿ ಅತ್ತೆ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಭಾವ ಮುಹೂರ್ತದ ಮಾತು ತೆಗೆದಿದ್ದರು. ಕರಿಬಸವಯ್ಯ ತಲೆ ತಗ್ಗಿಸಿದರು.

ಜಯಶೀಲಾ ತಟ್ಟೆ ಹಿಡಿದು ಬಂದಳು. ದೊಡ್ಡಪ್ಪ, ಅಜ್ಜಿ, ಅಪ್ಪ. ಕೊನೆಗೆ ತಾಯಿಯ ಅಂಗೈಗೆ ಒಂದು ಚಿಟಿಕೆ ಹಾಕಿ, ಮುಖ ನೋಡದೆ ಒಳಗೆ ಹೋದಳು. ನೀಲಗಂಗಮ್ಮ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಮುಷ್ಟಿ ಮುಚ್ಚಿದಳು. ಬೆವರಿಗೆ ಸಕ್ಕರೆ ಕರಗಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.