ಗಂಟುಬೇರಿನ ಪಂಡಿತ

ನನ್ನ ತಂಗಿಯ ಗಂಡನನ್ನು ಎಲ್ಲರೂ ಪಂಡಿತ ಅನ್ನುತ್ತಾರೆ. ಅದನ್ನು ಹೊಗಳಿಕೆ ಎಂದುಕೊಂಡವನು ಅವನೊಬ್ಬನೇ. ಟೊಮೆಟೊ ಸಸಿ ಬೆಳೆಸಿ ಮಾರುವುದು ಇಬ್ಬರ ಕೆಲಸ. ಇಬ್ಬರದು ಎಂದರೆ ಕೈ ಕೆಸರು ತಂಗಿಯದು, ಬಾಯಿ ಮೊಸರು ಅವನದು.

ಆ ಸಲ ಸಸಿಮಡಿಯಲ್ಲಿ ನೀರಿದ್ದರೂ ಸಸಿಗಳು ಮಧ್ಯಾಹ್ನವಾದರೆ ಸೋತು ಬಾಗುತ್ತಿದ್ದವು. ತಂಗಿ ಒಂದನ್ನು ಕಿತ್ತು ತೊಳೆದಳು. ಬೇರಿನ ತುಂಬ ಗಂಟು. ಪಂಡಿತ ಅದನ್ನು ಕಂಡು ಬೀಗಿದ. ಬೀನ್ಸ್ ಬೇರಿನ ಗಂಟು ಗಾಳಿಯಿಂದ ಗೊಬ್ಬರ ಹಿಡಿಯುತ್ತದೆ, ತನ್ನ ಆರೈಕೆಯಿಂದ ಟೊಮೆಟೊಗೂ ಆ ಗುಣ ಬಂದಿದೆ ಎಂದ. ಅರೆಬೆಂದ ವಿದ್ಯೆ ಹೊಟ್ಟೆಗೂ ಕೇಡು, ಹೊಲಕ್ಕೂ ಕೇಡು.

ಪಕ್ಕದಲ್ಲಿ ಗಿಡ ಬೆಳೆಸಲು ಬಲೆ ಹೊದಿಸಿದ ಹೊಸ ನೆರಳುಮನೆ ಎದ್ದಿತ್ತು. ಬೇಸಿಗೆಯಿಡೀ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಸಿಲಿಗೆ ಕಾಯಿಸಿ ತಂಗಿ ಅದರ ಮಣ್ಣು ಹಸನು ಮಾಡಿದ್ದಳು. ಈ ಸಲದ ಸಸಿಗಳನ್ನು ಮಾರದೆ ಅಲ್ಲೇ ನೆಡಬೇಕೆಂದಿತ್ತು. ರೋಗವಿದ್ದರೆ ಆ ಮಣ್ಣೂ ಕೆಟ್ಟಂತೆ. ಅವಳಿಗೆ ಬೇರೆ ಮಣ್ಣಿಲ್ಲ.

ನಾನು ಅವಳನ್ನು ಗಿಡರೋಗದ ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋದೆ. ಪಂಡಿತನೂ ಬಂದ, ಅಲ್ಲಿಯವರಿಗೆ ಪಾಠ ಹೇಳಲು. ಅಲ್ಲಿನ ಮೇಡಂ ಗಂಟನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ಹೊಟ್ಟೆ ಊದಿದ ಒಂದು ಜಂತು, ಅದರ ಬಾಯಿಯ ಸುತ್ತ ಗುಡಾಣದಂಥ ಜೀವಕೋಶಗಳು. ಜಂತುವಿನ ಎಂಜಲು ತಾಗಿದ ಕೋಶ ಎರಡಾಗಿ ಒಡೆಯುವುದನ್ನು ಬಿಟ್ಟು ಊದುತ್ತಲೇ ಹೋಗುತ್ತದಂತೆ, ಒಳಗೆ ಮಾತ್ರ ಕೋಶಕೇಂದ್ರದ ಮೇಲೆ ಕೋಶಕೇಂದ್ರ ಹುಟ್ಟುತ್ತದಂತೆ. ಗಿಡದ ಸಾರವೆಲ್ಲ ಅಲ್ಲಿಗೆ ಹರಿಯುತ್ತದೆ. ಜಂತು ಕೂತಲ್ಲೇ ಉಂಡು ಕೂತಲ್ಲೇ ಮೊಟ್ಟೆಯಿಡುತ್ತದೆ.

"ಅಡುಗೆಮನೆ ಕಟ್ಟೋದೂ ಗಿಡಾನೇ, ಬಡಿಸೋದೂ ಗಿಡಾನೇ" ಎಂದರು ಮೇಡಂ.

ನಾನು ಪಂಡಿತನ ಮುಖ ನೋಡಿದೆ. ತಂಗಿ ನನ್ನ ಕಾಲು ತುಳಿದಳು.

ಅವನು ಆಗಲೂ ಬೀನ್ಸ್ ಬಿಡಲಿಲ್ಲ. ಮೇಡಂ ಒಂದು ಬೀನ್ಸ್ ಗಿಡ ತಂದು ಬೇರಿನ ಗಂಟನ್ನು ಉಗುರಿನಿಂದ ಒತ್ತಿದರು. ಗಂಟು ಕಳಚಿ ಬಿತ್ತು, ಬೇರು ಹಾಗೇ ಉಳಿಯಿತು. ಟೊಮೆಟೊ ಗಂಟನ್ನು ಒತ್ತಿದರೆ ಬೇರೇ ಹರಿಯಿತು. ಅದು ಬೇರಿಗೆ ಅಂಟಿದ ಗಂಟಲ್ಲ, ಬೇರೇ ಊದಿಕೊಂಡದ್ದು. ಸಸಿ ಸುಡಿ, ಆ ಮಣ್ಣು ಎಲ್ಲಿಗೂ ಒಯ್ಯಬೇಡಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದವಳೇ ತಂಗಿ ಸಸಿಗಳನ್ನು ಕಿತ್ತು ಬೆಂಕಿಗೆ ಹಾಕತೊಡಗಿದಳು. ಪಂಡಿತ ಒಂದು ಬುಟ್ಟಿ ಸಸಿ ಎತ್ತಿಕೊಂಡು ಹೊಸ ನೆರಳುಮನೆಯತ್ತ ನಡೆದ. ಬೆಳೆಸಿ ಆ ಮೇಡಂಗೆ ತೋರಿಸುತ್ತಾನಂತೆ. ತಂಗಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಬರಬೇಡಿ. ನಿಮ್ಮ ಚಪ್ಪಲೀಲೂ ಆ ಮಣ್ಣಿದೆ."

"ನನ್ನನ್ನೇ ತಡೀತೀಯಾ?"

"ಕೆಲಸ ಮಾಡೋದಾದ್ರೆ ಕಾಲು ತೊಳ್ಕೊಂಡು ಬರಿಗೈಲಿ ಬನ್ನಿ. ಮಾತಾಡೋದಾದ್ರೆ ಆಚೆ ಬೆಂಚಿದೆ."

ಅವನು ನನ್ನತ್ತ ತಿರುಗಿದ. "ಅಕ್ಕಾ, ನೀವಾದ್ರೂ ಹೇಳಿ ಇವಳಿಗೆ."

ಹೇಳುವುದೇನು, ಬುಟ್ಟಿ ಕಿತ್ತುಕೊಂಡು ಸಸಿಗಳನ್ನು ಬೆಂಕಿಗೆ ಸುರಿದೆ. ಅವನು ಸ್ವಲ್ಪ ಹೊತ್ತು ಹೊಗೆಯಲ್ಲಿ ನಿಂತು ಕೆಮ್ಮಿದ. ಆಮೇಲೆ ಬೆಂಚಿಗೆ ಹೋಗಿ ಕೂತ. ತಂಗಿ ಕಾಲು ತೊಳೆದುಕೊಂಡು ನೆರಳುಮನೆಯೊಳಗೆ ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.